ಗಿಡ್ಡ ತುಂಡಿಗೆ ಎಂಥ ಬಿಲ್ಲು?

ಕೈಗೆ ಸಿಕ್ಕಿರುವ ಗಟ್ಟಿಮರದ ತುಂಡು ಗಿಡ್ಡ, ಅದರಲ್ಲಿ ಬಿಲ್ಲು ಆದೀತೇ ಎಂದು ಹಲವರು ಕೇಳಿದ್ದಾರೆ. ಈ ಸಲ ಪುಟಗಳೆಲ್ಲ ಅದಕ್ಕೇ ಮೀಸಲು. ಗುರಿಯ ಕಡೆಗಿರುವ ಮೈಯನ್ನು ಬೆನ್ನು ಎಂದೂ, ಬಿಲ್ಲುಗಾರನ ಕಡೆಗಿರುವ ಮೈಯನ್ನು ಹೊಟ್ಟೆ ಎಂದೂ, ಹಿಡಿಯ ಆಚೀಚೆಯ ಭಾಗಗಳನ್ನು ತೋಳು ಎಂದೂ ಕರೆದಿದ್ದೇವೆ. ಸೆಳೆತ ಎಂದರೆ ಪೂರ್ತಿ ಎಳೆದಾಗ ಹೆದೆಯಿಂದ ಹಿಡಿಯ ಬೆನ್ನಿನವರೆಗಿನ ದೂರ. ಬಿಲ್ಲಿನ ಪೌಂಡ್ ಎಂದರೆ ಹೆದೆಯನ್ನು ಅಷ್ಟು ದೂರ ಎಳೆದು ಹಿಡಿಯಲು ಬೇಕಾದ ಬಲ.

ಪ್ರಶ್ನೆ: ಗಾಡಿಯ ಮೂಕಿಗೆಂದು ಕೊಯ್ಸಿಟ್ಟಿದ್ದ ತಡಸಲು ಮರದ ತುಂಡೊಂದು ನಮ್ಮ ಕೊಟ್ಟಿಗೆಯಲ್ಲಿದೆ. ಉದ್ದ 52 ಇಂಚು, ಅಗಲ 2¼, ದಪ್ಪ 1 ಇಂಚು. 28 ಇಂಚು ಸೆಳೆತದ, 40 ಪೌಂಡಿನ ಬಿಲ್ಲು ಬೇಕು. ಇಂಗ್ಲಿಷ್ ಉದ್ದಬಿಲ್ಲು, ಚಪ್ಪಟೆ ಬಿಲ್ಲು, ಡೆನ್ಮಾರ್ಕಿನ ಹೋಲ್ಮೆಗಾರ್ಡ್ ಮಾದರಿ, ತುದಿ ಮುಂದಕ್ಕೆ ಬಾಗಿದ ರಿಕರ್ವ್, ಇವುಗಳಲ್ಲಿ ಯಾವುದು ಸರಿಹೊಂದುತ್ತದೆ?
— ಓದುಗರು, ಶಿರಸಿ

ಉತ್ತರ: ಮಾದರಿಯ ಮಾತು ಆಮೇಲೆ, ಮೊದಲು ಸೆಳೆತ ಇತ್ಯರ್ಥವಾಗಲಿ. ನಿಮ್ಮ ತುಂಡಿನಿಂದ 28 ಇಂಚು ಬರುವುದಿಲ್ಲ. ಎಳೆದರೆ ಬಿಲ್ಲು ಮುರಿಯುತ್ತದೆ, ಇಲ್ಲವೇ ಬಾಗಿದ್ದು ಬಾಗಿದ ಹಾಗೇ ಉಳಿದು ಸತ್ವ ಕಳೆದುಕೊಳ್ಳುತ್ತದೆ. ಲೆಕ್ಕ ಹೀಗೆ: ಹೆದೆ ಕೂರುವ ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಅಳೆಯಿರಿ, ಅದರಲ್ಲಿ ಬಾಗದ ಭಾಗವನ್ನು ಕಳೆಯಿರಿ, ಉಳಿದದ್ದರ ಅರ್ಧವೇ ಸೆಳೆತದ ಕಟ್ಟಕಡೆಯ ಮಿತಿ. ಅದರಲ್ಲೂ ಹತ್ತರಲ್ಲಿ ಒಂದು ಪಾಲು ಬಿಟ್ಟರೆ ಬಿಲ್ಲು ಬಾಳಿಕೆ ಬರುತ್ತದೆ. ನಿಮ್ಮಲ್ಲಿ ಕಚ್ಚುಗಳ ನಡುವೆ ಸಿಗುವುದು 51 ಇಂಚು. ಹಿಡಿಯೂ ಬಾಗುವಂತೆ ಮಾಡಿದರೆ ಮಿತಿ 25½, ನೆಮ್ಮದಿಯ ಸೆಳೆತ 23. ಹಿಡಿಯನ್ನು ದಪ್ಪವಾಗಿ, ಬಾಗದ ಹಾಗೆ ಬಿಟ್ಟರೆ ಹಿಡಿಗೆ 4 ಇಂಚು, ಅದರ ಎರಡೂ ಕಡೆಯ ಇಳಿಜಾರಿಗೆ 2–2 ಇಂಚು, ಒಟ್ಟು 8 ಇಂಚು ಸುಮ್ಮನೆ ಕೂರುತ್ತದೆ. ಆಗ ಮಿತಿ 21½ಕ್ಕೆ ಇಳಿಯುತ್ತದೆ, ನೆಮ್ಮದಿ 19½ಕ್ಕೆ. ಅಂಗಡಿಯ ಬಿಲ್ಲುಗಳಂತೆ ಕೈಗೆ ಕೂರುವ ದಪ್ಪ ಹಿಡಿ ಬೇಕೆಂಬ ಆಸೆಗೆ ನೀವು ತೆರುವ ಬೆಲೆ ಮೂರೂವರೆ ಇಂಚು ಸೆಳೆತ. ಗಿಡ್ಡ ತುಂಡಿನಲ್ಲಿ ಇದು ತೀರ ದುಬಾರಿ.

ಮರ ಬಾಗುವಾಗ ಬೆನ್ನಿನ ಎಳೆಗಳು ಹಿಗ್ಗುತ್ತವೆ, ಹೊಟ್ಟೆಯ ಎಳೆಗಳು ಕುಗ್ಗುತ್ತವೆ. ಎಷ್ಟು ಎನ್ನುವುದು ಎರಡರ ಮೇಲೆ ನಿಂತಿದೆ: ತೋಳಿನ ದಪ್ಪ ಮತ್ತು ಬಾಗಿನ ಬಿಗಿ. ಗಿಡ್ಡ ಬಿಲ್ಲು ಬಿಗಿಯಾಗಿ ಬಾಗಲೇಬೇಕು. ಹಾಗಾಗಿ ದಪ್ಪ ಕಡಿಮೆಯಿರಬೇಕು, ಬಲಕ್ಕೆ ಕೊರತೆಯಾದದ್ದನ್ನು ಅಗಲದಿಂದ ತುಂಬಬೇಕು. ಅಗಲ ಇಮ್ಮಡಿಯಾದರೆ ಬಲ ಇಮ್ಮಡಿ. ದಪ್ಪ ಇಮ್ಮಡಿಯಾದರೆ ಬಲ ಎಂಟು ಪಟ್ಟು. ತಿರುಗಿಸಿ ನೋಡಿ: ತೋಳಿನ ಅಗಲವನ್ನು ಅರ್ಧಕ್ಕೆ ಇಳಿಸಿ ಅಷ್ಟೇ ಪೌಂಡ್ ಬೇಕೆಂದರೆ ದಪ್ಪ ಕಾಲು ಭಾಗ ಹೆಚ್ಚಬೇಕು, ಎಳೆಗಳ ಮೇಲಿನ ಒತ್ತಡವೂ ಅಷ್ಟೇ ಏರುತ್ತದೆ. ಉದ್ದ ಕಡಿಮೆಯಿದ್ದಾಗ ಅಗಲವನ್ನು ಕೆತ್ತಿ ಬಿಸಾಡಬಾರದು ಎನ್ನುವುದು ಇದಕ್ಕೇ.

ಇನ್ನು ನೀವು ಹೆಸರಿಸಿದ ಮಾದರಿಗಳು. ಇಂಗ್ಲಿಷ್ ಉದ್ದಬಿಲ್ಲನ್ನು ಮರೆತುಬಿಡಿ. ಅದರ ತೋಳು ಕಿರಿದು, ಆಳ ಹೆಚ್ಚು, ಹೊಟ್ಟೆ ಗುಂಡಗೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಮೇರಿ ರೋಸ್ ಹಡಗಿನಲ್ಲಿ ಸಿಕ್ಕ ಯೂ ಮರದ ಬಿಲ್ಲುಗಳು 6 ಅಡಿಗೂ ಉದ್ದ. ಆ ಉದ್ದ ಇದ್ದುದರಿಂದಲೇ ಆ ಆಕಾರ ನಡೆಯಿತು. 1944ರಲ್ಲಿ ಡೆನ್ಮಾರ್ಕಿನ ಜೌಗು ನೆಲದಲ್ಲಿ ಸಿಕ್ಕ ಹೋಲ್ಮೆಗಾರ್ಡ್ ಬಿಲ್ಲು ಎಲ್ಮ್ ಮರದ್ದು, ಅಗಲ ತೋಳಿನದ್ದು. ಅದರ ಹೆಸರಿನಲ್ಲಿ ಇಂದು ಹಲವರು ಮಾಡುವ ಬಿಲ್ಲಿಗೆ ತೋಳಿನ ಹೊರ ಅರ್ಧವನ್ನು ಕಿರಿದಾಗಿಸಿ ಬಾಗದಂತೆ ಇಡುತ್ತಾರೆ. ಬಾಣದ ವೇಗಕ್ಕೆ ಒಳ್ಳೆಯದೇ. ಆದರೆ ಬಾಗುವ ಕೆಲಸವೆಲ್ಲ ಒಳ ಅರ್ಧದ ಮೇಲೆ ಬೀಳುತ್ತದೆ, ನಿಮಗಿರುವ 52 ಇಂಚಿನಲ್ಲಿ ಅಷ್ಟು ಉದಾರತೆಗೆ ಜಾಗವಿಲ್ಲ. ರಿಕರ್ವ್‌ನಿಂದ ಒಂದು ನಿಜವಾದ ಲಾಭವಿದೆ. ಗಿಡ್ಡ ಬಿಲ್ಲನ್ನು ಎಳೆಯುತ್ತ ಹೋದರೆ ತುದಿಯಲ್ಲಿ ಹೆದೆಗೂ ತೋಳಿಗೂ ನಡುವಿನ ಕೋನ 90 ಡಿಗ್ರಿ ದಾಟುತ್ತದೆ. ಅಲ್ಲಿಂದಾಚೆ ಪ್ರತಿ ಇಂಚಿಗೂ ಭಾರ ಇದ್ದಕ್ಕಿದ್ದಂತೆ ಏರುತ್ತದೆ, ಹೆದೆ ಬೆರಳುಗಳನ್ನು ಹಿಂಡುತ್ತದೆ. ಮುಂದಕ್ಕೆ ಬಾಗಿದ ತುದಿ ಈ ಕೋನವನ್ನು ತಗ್ಗಿಸುತ್ತದೆ. ಆದರೆ ತೋಳಿನ ಮೇಲಿನ ಒತ್ತಡ ಅದರಿಂದ ಹೆಚ್ಚುತ್ತದೆಯೇ ಹೊರತು ಇಳಿಯುವುದಿಲ್ಲ. ಒಣಗಿದ ಭಾರದ ಮರಗಳು ಹಬೆಗೆ ಸುಲಭವಾಗಿ ಮಣಿಯುವುದೂ ಇಲ್ಲ, ಬಾಗಿಸಿದ ಜಾಗದಲ್ಲಿ ಬೆನ್ನಿನ ಎಳೆ ಎದ್ದುಬಿಡುತ್ತದೆ. ಮೊದಲ ಬಿಲ್ಲಿಗೆ ಬೇಡ.

ಉಳಿದದ್ದು ಚಪ್ಪಟೆ ಬಿಲ್ಲು, ಹಿಡಿಯೂ ಬಾಗುವಂಥದ್ದು. ನಿಮ್ಮ ತುಂಡಿಗೆ ಇದೇ ಸರಿ: 23 ಇಂಚಿಗೆ 35 ಪೌಂಡ್. ತಡಸಲು ಮರದ ಆಯ್ಕೆಗೆ ಎರಡು ಮಾತಿಲ್ಲ. ಗಾಡಿಯ ಮೂಕಿ, ಕೊಡಲಿಯ ಕಾವು, ಹಿಂದಿನಿಂದಲೂ ಬಿಲ್ಲು, ಹೀಗೆ ಬಾಗಿ ಮರಳುವ ಗುಣ ಬೇಕಾದ ಕಡೆಗೆಲ್ಲ ಬಳಕೆಯಾದ ಮರ ಅದು.

ಕೊಯ್ಯುವ ಮೊದಲು ಎಳೆ ನೋಡಿ. ನಮ್ಮ ಕಾಡಿನ ಅನೇಕ ಮರಗಳಲ್ಲಿ ವರ್ಷದ ಉಂಗುರ ಸ್ಪಷ್ಟವಿರುವುದಿಲ್ಲ, ಆದ್ದರಿಂದ ಉಂಗುರ ಹಿಂಬಾಲಿಸಿ ಬೆನ್ನು ತೆಗೆಯಿರಿ ಎಂಬ ಹೊರದೇಶದ ಸಲಹೆ ಇಲ್ಲಿ ಅಷ್ಟಾಗಿ ಉಪಯೋಗಕ್ಕೆ ಬಾರದು. ಕೀಸುಳಿ ಹಾಕಿ ನುಣುಪು ಮಾಡಿದ ಮೈಮೇಲೆ ಫೌಂಟನ್ ಪೆನ್ನಿನ ಶಾಯಿಯ ಒಂದು ಹನಿ ಬಿಡಿ. ಶಾಯಿ ಎಳೆಯ ಗುಂಟ ಸಣ್ಣ ಗೆರೆಯಾಗಿ ಹರಡುತ್ತದೆ. ಅಗಲದ ಮೈಯಲ್ಲೂ ಪಕ್ಕದ ದಪ್ಪದ ಮೈಯಲ್ಲೂ ಆರೇಳು ಕಡೆ ಹೀಗೆ ನೋಡಿ. ಗೆರೆ ತುಂಡಿನ ಅಂಚಿಗೆ ಸಮಾನಾಂತರ ಇದ್ದರೆ ಒಳ್ಳೆಯದು. 20 ಇಂಚು ಸಾಗುವಷ್ಟರಲ್ಲಿ 1 ಇಂಚು ಪಕ್ಕಕ್ಕೆ ಜಾರಿದರೆ ಸಹಿಸಬಹುದು. ಅದಕ್ಕಿಂತ ಹೆಚ್ಚಾದರೆ ಬೆನ್ನಿಗೆ ಬಿದಿರು ಅಂಟಿಸದೆ ಮುಂದುವರಿಯಬೇಡಿ. ಅದೇ ಮರದ ಚೂರು ಉಳಿದಿದ್ದರೆ ಸೌದೆಯಂತೆ ಕೊಡಲಿಯಲ್ಲಿ ಸೀಳಿ ನೋಡುವುದು ಇನ್ನೂ ಖಚಿತ. ಸೀಳು ನೇರ ಹೋದರೆ ಎಳೆ ನೇರ. ಎರಡು ಅಗಲ ಮೈಗಳಲ್ಲಿ ಗಂಟಿಲ್ಲದ, ಎಳೆ ತುಂಡಾಗದ ಮೈಯನ್ನು ಬೆನ್ನಿಗೆ ಇಟ್ಟುಕೊಳ್ಳಿ.

ಆಮೇಲೆ ಒಣಗಿಸುವುದು. ವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಪೆನ್ಸಿಲಿನಲ್ಲಿ ಮರದ ಮೇಲೇ ಬರೆಯಿರಿ. ಮೂರು ವಾರ ತೂಕ ಬದಲಾಗದಿದ್ದರೆ ಸುತ್ತಲಿನ ಗಾಳಿಗೆ ತಕ್ಕಷ್ಟು ಒಣಗಿದೆ ಎಂದರ್ಥ. ಆದರೆ ಮಲೆನಾಡಿನ ಜುಲೈ ಗಾಳಿಗೆ ತಕ್ಕಷ್ಟು ಒಣಗಿದ ಮರ ಬಿಲ್ಲಿಗೆ ಇನ್ನೂ ಹಸಿಯೇ. ಬಿಲ್ಲಿಗೆ ಬೇಕಾದದ್ದು ಶೇ 8ರಿಂದ 10 ತೇವಾಂಶ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿಸಿ, ಬಾಗಿಸುವ ಕೆಲಸವನ್ನು ಡಿಸೆಂಬರ್‌ನಿಂದ ಏಪ್ರಿಲ್ ಒಳಗೆ ಮುಗಿಸಿ. ತುಂಡಿನ ಎರಡೂ ತುದಿಗೆ ಬಣ್ಣವನ್ನೋ ಮೇಣವನ್ನೋ ಬಳಿದಿರಬೇಕು. ಬಳಿಯದಿದ್ದರೆ ತುದಿ ಬೇಗ ಒಣಗಿ ಸೀಳು ಬಿಡುತ್ತದೆ, ಇರುವ 52 ಇಂಚಿನಲ್ಲಿ ಮೂರು ಹೋದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು.

ಅಳತೆಗಳು: ನಡುಗೆರೆ ಹಾಕಿ. ನಡುವಿನಿಂದ ಎರಡೂ ಕಡೆಗೆ 14 ಇಂಚಿನವರೆಗೆ ಅಗಲ 1¾ ಇಂಚು (45 ಮಿ.ಮೀ.), ಅಲ್ಲಿಂದ ತುದಿಗೆ ನೇರಗೆರೆಯಲ್ಲಿ ಇಳಿದು ½ ಇಂಚು. ಹಿಡಿಯ ಜಾಗದಲ್ಲಿ ಕೈಗೆ ಅಗಲವೆನಿಸಿದರೆ 1½ಕ್ಕೆ ಇಳಿಸಬಹುದು, ಇಳಿತ ಮೂರು ಇಂಚಿನುದ್ದಕ್ಕೂ ಹರಡಿರಲಿ. ದಪ್ಪ ಆರಂಭಕ್ಕೆ ನಡುವೆ 15 ಮಿ.ಮೀ., ತೋಳಿನ ಮಧ್ಯದಲ್ಲಿ 13, ತುದಿಯಲ್ಲಿ 10. ಕೆಲಸ ಮುಗಿದಾಗ ನಡುವೆ 11, ತೋಳಿನ ಮಧ್ಯದಲ್ಲಿ 10 ಮಿ.ಮೀ. ಆಸುಪಾಸು ಉಳಿಯಬಹುದು. ಇದು ಅಂದಾಜು ಮಾತ್ರ, ಕೊನೆಯ ಮಾತು ಮರದ್ದೇ. ಹೊಟ್ಟೆ ಚಪ್ಪಟೆಯೇ ಇರಲಿ, ಗುಂಡಗೆ ಮಾಡಬೇಡಿ. ಬೆನ್ನಿನ ಎರಡೂ ಅಂಚುಗಳನ್ನು ಮಾತ್ರ 3 ಮಿ.ಮೀ. ಸುತ್ತಿಗೆ ದುಂಡಗಾಗಿಸಿ, ಎಳೆ ಮೊದಲು ಏಳುವುದು ಚೂಪು ಅಂಚಿನಿಂದ. ಕಚ್ಚುಗಳನ್ನು 4 ಮಿ.ಮೀ. ದುಂಡು ಅರದಿಂದ, ಪಕ್ಕಗಳಲ್ಲಿ ಮಾತ್ರ, 45 ಡಿಗ್ರಿ ಓರೆಯಾಗಿ ಕೊಯ್ಯಿರಿ. ಅರ ಬೆನ್ನಿಗೆ ತಾಗಬಾರದು.

ಎರಡೂ ತೋಳು ಸಮನಾಗಿ ಬಾಗುವಂತೆ ಹೊಟ್ಟೆಯಿಂದ ಮರ ತೆಗೆಯುತ್ತ ಹೋಗುವುದೇ ನಿಜವಾದ ಬಿಲ್ಲು ಕೆಲಸ. ಇದಕ್ಕೆ ಟಿಲ್ಲರಿಂಗ್ ಎನ್ನುತ್ತಾರೆ. ಗೋಡೆಗೆ ಗಟ್ಟಿಯಾಗಿ ಒಂದು ಗೂಟ ಬಡಿದು ಅದರ ಮೇಲೆ ಬಿಲ್ಲಿನ ಹಿಡಿ ಕೂರಿಸಿ, ಕೆಳಗೆ ನೆಲದ ಬಳಿ ರಾಟೆ ಹಾಕಿ, ಹೆದೆಗೆ ಕಟ್ಟಿದ ಹಗ್ಗವನ್ನು ಅದರ ಮೂಲಕ ತಂದು ದೂರ ನಿಂತು ಎಳೆಯಿರಿ. ಹಗ್ಗಕ್ಕೂ ಹೆದೆಗೂ ನಡುವೆ ಕೊಕ್ಕೆ ತಕ್ಕಡಿ ಇರಲಿ. ಬಿಲ್ಲಿನ ಹಿಂದಿನ ಗೋಡೆಯ ಮೇಲೆ ಇಂಚಿಗೊಂದರಂತೆ ಅಡ್ಡಗೆರೆ ಎಳೆದುಕೊಂಡರೆ ಕಣ್ಣಿಗೆ ಆಧಾರ ಸಿಗುತ್ತದೆ.

ಮೊದಲು ಸಡಿಲವಾದ ಉದ್ದ ಹೆದೆ. ತುದಿಗಳು 4 ಇಂಚು ಇಳಿಯುವಷ್ಟು ಎಳೆದು ನೋಡಿ, ಗಟ್ಟಿ ನಿಂತ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಮಾತ್ರ ಕೆರೆಯಿರಿ. ಹೆಚ್ಚು ಬಾಗುತ್ತಿರುವ ಜಾಗವನ್ನು ಮುಟ್ಟಬೇಡಿ. ಪ್ರತಿ ಸಲ ಕೆರೆದ ಮೇಲೆ ಮೂವತ್ತು ಸಲ ಅರ್ಧದಷ್ಟು ಎಳೆದು ಬಿಡಿ, ತೆಗೆದ ಮರದ ಪರಿಣಾಮ ಆಮೇಲೆಯೇ ಕಾಣುವುದು. ಒರಟು ಅರವನ್ನು ಆರಂಭದಲ್ಲಿ ಮಾತ್ರ ಬಳಸಿ, ನಂತರ ಸ್ಕ್ರೇಪರ್ ಅಥವಾ ಒಡೆದ ಗಾಜಿನ ನೇರ ಅಂಚು. ದಪ್ಪ ಹತ್ತನೇ ಒಂದು ಪಾಲು ಇಳಿದರೆ ಬಲ ಕಾಲು ಭಾಗಕ್ಕೂ ಹೆಚ್ಚು ಇಳಿಯುತ್ತದೆ. 10 ಮಿ.ಮೀ. ತೋಳಿನಲ್ಲಿ ಅದು ಒಂದೇ ಮಿಲಿಮೀಟರ್!

ತುದಿಗಳು 10 ಇಂಚು ಇಳಿದಾಗಲೂ ಬಾಗು ಸಮನಾಗಿ ಕಂಡರೆ ಗಿಡ್ಡ ಹೆದೆ ಏರಿಸಿ. ಮೊದಲು ಹಿಡಿಯಿಂದ ಹೆದೆಗೆ 3–4 ಇಂಚು ಅಂತರ, ಎಲ್ಲ ಸರಿಯಿದ್ದರೆ 5½. ಇಲ್ಲಿ ಎರಡು ನಿಯಮ. ಯಾವ ಹಂತದಲ್ಲೂ 35 ಪೌಂಡಿಗಿಂತ ಹೆಚ್ಚು ಎಳೆಯಬಾರದು, ಸೆಳೆತ ಎಷ್ಟೇ ಕಡಿಮೆ ಇರಲಿ. ತೋಳಿನಲ್ಲಿ ದೋಷ ಕಂಡ ಮೇಲೆ ಅದನ್ನು ತಿದ್ದದೆ ಒಂದು ಇಂಚೂ ಮುಂದೆ ಹೋಗಬಾರದು. 20 ಇಂಚಿಗೆ ತಲುಪಿದಾಗ 27–28 ಪೌಂಡ್ ತೋರಿದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಉಳಿದ ಮೂರು ಇಂಚಿನಲ್ಲಿ ಇಂಚಿಗೆ ಎರಡೂವರೆ ಪೌಂಡಿನಂತೆ ಏರಿ 35ಕ್ಕೆ ನಿಲ್ಲುತ್ತದೆ. ಪೂರ್ತಿ ಎಳೆದಾಗ ಬಿಲ್ಲು ತುದಿಯಿಂದ ತುದಿಗೆ ಒಂದೇ ಕಮಾನಿನಂತೆ ಕಾಣಬೇಕು, ಹಿಡಿಯೂ ತುಸು ಬಾಗಿರಬೇಕು, ಕೊನೆಯ 3–4 ಇಂಚು ಮಾತ್ರ ನೇರ. ಹೊಸಬರು ಭಯದಿಂದ ನಡುವನ್ನು ದಪ್ಪ ಬಿಟ್ಟುಬಿಡುತ್ತಾರೆ. ಆಗ ಹಿಡಿ ಬಾಗದೆ, ಅದರ ಪಕ್ಕದ ಆರು ಇಂಚು ಮಡಚಿದ ಹಾಗಾಗುತ್ತದೆ. 52 ಇಂಚಿನ ಬಿಲ್ಲು ಹಾಳಾಗುವುದು ಹೆಚ್ಚಾಗಿ ಅಲ್ಲೇ.

23 ಇಂಚು ಎಂದರೆ ಎತ್ತರದ ವ್ಯಕ್ತಿಗೆ ಹೆದೆ ಕೆನ್ನೆಯವರೆಗೆ ಬರುವುದಿಲ್ಲ. ಎಡಮೊಣಕೈ ಸ್ವಲ್ಪ ಮಡಿಚಿ, ಮೈ ತುಸು ಮುಂದೆ ಬಾಗಿಸಿ ಬಿಡಬೇಕಾಗುತ್ತದೆ. ಅಭ್ಯಾಸ ಬೇಕು, ಆದರೆ ಆಗದ ಕೆಲಸವೇನಲ್ಲ. ಅಳತೆ ಮರೆತು ಎಳೆಯುವ ಭಯವಿದ್ದರೆ 25 ಇಂಚಿನ ಬಾಣಗಳನ್ನೇ ಮಾಡಿಸಿ, ಹಿಂಬದಿಯ ಕಚ್ಚಿನಿಂದ 23 ಇಂಚಿಗೆ ಬಣ್ಣದ ಗೆರೆ ಹಾಕಿಕೊಳ್ಳಿ.

ಇನ್ನೂ ಒಂದೋ ಎರಡೋ ಇಂಚು ಸೆಳೆತ ಬೇಕೇ ಬೇಕು ಎನ್ನುವವರಿಗೆ ಬಿದಿರಿನ ಬೆನ್ನು ಇದೆ. ಬಿದಿರಿನ ಹೊರ ಸಿಪ್ಪೆಯ ಎಳೆಗಳು ಎಳೆತಕ್ಕೆ ಬಲು ಗಟ್ಟಿ. ಚೆನ್ನಾಗಿ ಬಲಿತ ಬಿದಿರಿನ ಅಗಲ ಸೀಳು ತೆಗೆದು, ಒಳಮೈ ಕೀಸಿ ಸಪಾಟು ಮಾಡಿ, ನಡುವೆ 3 ಮಿ.ಮೀ., ತುದಿಗೆ 2 ಮಿ.ಮೀ. ಉಳಿಸಿ. ಹೊರಮೈಯ ಗಿಣ್ಣುಗಳನ್ನು ನೆಲಸಮ ಮಾಡಬೇಡಿ, ಗಿಣ್ಣು ಕೆತ್ತಿದ ಜಾಗದಲ್ಲೇ ಬಿದಿರು ಬಿಟ್ಟುಕೊಳ್ಳುತ್ತದೆ. ಮರದ ದಪ್ಪವನ್ನು ಮೊದಲೇ 10–11 ಮಿ.ಮೀ.ಗೆ ಇಳಿಸಿ, ತುದಿಗಳು ಬೆನ್ನಿನ ಕಡೆಗೆ 1½ ಇಂಚು ಬಾಗಿರುವಂತೆ ಹಲಗೆಗೆ ಬಿಗಿದು ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯಿಂದ ಅಂಟಿಸಿ. ಐದು ನಿಮಿಷದ ಎಪಾಕ್ಸಿ ಬೇಡ, ಕ್ಲಾಂಪ್ ಹಾಕಿ ಮುಗಿಸುವಷ್ಟರಲ್ಲಿ ಗಟ್ಟಿಯಾಗಿರುತ್ತದೆ. ಬಡಗಿಗಳು ಬಳಸುವ ಮಾಮೂಲಿ ಬಿಳಿ ಅಂಟು ಬಿಸಿಲಿಗೂ ತೇವಕ್ಕೂ ಮೆತ್ತಗಾಗುತ್ತದೆ, ಅದೂ ಬೇಡ. ಬಿದಿರಿನ ಎದುರು ಹೊಟ್ಟೆಯ ಮರ ಸೋಲುವುದು ಈ ಜೋಡಿಯ ಅಪಾಯ, ಆದ್ದರಿಂದ 3 ಮಿ.ಮೀ. ದಾಟಬೇಡಿ.

ಪ್ರಶ್ನೆ: ದಿಂಡಿಗದ ಹಲಗೆ ಇದೆ. 38 ಇಂಚು ಉದ್ದ, 4½ ಇಂಚು ಅಗಲ, 1½ ಇಂಚು ದಪ್ಪ. ಇಷ್ಟು ಗಿಡ್ಡದರಲ್ಲಿ ಮಕ್ಕಳ ಬಿಲ್ಲಷ್ಟೇ ಆಗುವುದೇ?
— ಓದುಗರು, ಚಾಮರಾಜನಗರ

ಉತ್ತರ: ಶಿರಸಿಯವರಿಗಿಂತ ನೀವು ಅನುಕೂಲಸ್ಥರು! ಹಲಗೆಯನ್ನು ಉದ್ದಕ್ಕೆ ಎರಡಾಗಿ ಕೊಯ್ಯಿರಿ. ಗರಗಸಕ್ಕೆ ಹೋದದ್ದು ಬಿಟ್ಟು 2 ಇಂಚಿಗೂ ತುಸು ಹೆಚ್ಚು ಅಗಲದ ಎರಡು ತುಂಡು ಸಿಗುತ್ತವೆ. ಒಂದೇ ಮರ, ಒಂದೇ ಎಳೆ, ಒಂದೇ ಒಣಗು. ಎರಡು ತೋಳಿಗೆ ಇದಕ್ಕಿಂತ ಒಳ್ಳೆಯ ಜೋಡಿ ಹುಡುಕಿದರೂ ಸಿಗದು. ಹಿಡಿಯಲ್ಲಿ 4 ಇಂಚು ಒಂದರೊಳಗೊಂದು ಸೇರಿಸಿದರೆ 72 ಇಂಚಾಗುತ್ತದೆ. ತುದಿ ಕತ್ತರಿಸಿ 70ಕ್ಕೆ ನಿಲ್ಲಿಸಿದರೆ, ಬಾಗದ 8 ಇಂಚು ಹಿಡಿ ಇಟ್ಟುಕೊಂಡೂ 27–28 ಇಂಚು ಸೆಳೆತ ಆರಾಮ.

ಎರಡೂ ತುಂಡಿನಲ್ಲಿ ಮೂಲ ಹಲಗೆಯ ಒಂದೇ ಮೈ ಬೆನ್ನಾಗಲಿ, ಒಂದೇ ತುದಿ ಹಿಡಿಗೆ ಬರಲಿ. ಕೊಯ್ಯುವ ಮೊದಲೇ ಬಾಣದ ಗುರುತು ಹಾಕಿಕೊಂಡರೆ ಗೊಂದಲವಿಲ್ಲ. ಸೇರಿಸುವ ಜಾಗದಲ್ಲಿ ಬೆನ್ನಿನ ಮೈಮೇಲೆ ಒಂದರಲ್ಲಿ ಎರಡು ಹಲ್ಲು, ಇನ್ನೊಂದರಲ್ಲಿ ಅದಕ್ಕೆ ಹೊಂದುವ ಎರಡು ಬಾಯಿ ಬರುವಂತೆ, 4 ಇಂಚು ಉದ್ದದ ಓರೆಗೆರೆಗಳನ್ನು ಬರೆಯಿರಿ. ತೆಳು ಅಲಗಿನ ಗರಗಸದಿಂದ ಗೆರೆಯ ಹೊರಗೆ ಕೊಯ್ದು, ಉಳಿಯಿಂದ ಗೆರೆಗೆ ತನ್ನಿ. ಒಣದಾಗಿ ಸೇರಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಇನ್ನೂ ತಿದ್ದಬೇಕು, ಅಂಟು ಸಂದಿ ತುಂಬುತ್ತದೆ ಎಂಬ ಭರವಸೆ ಬೇಡ. ಅಂಟಿಸುವ ಮೊದಲು 80ರ ಪಾಲಿಶ್ ಪೇಪರಿನಿಂದ ಒರಟು ಮಾಡಿ, ಅಸಿಟೋನಿನಲ್ಲಿ ಒರೆಸಿ, ಅದು ಆರಿದ ಕೂಡಲೇ ನಿಧಾನದ ಎಪಾಕ್ಸಿ ಹಚ್ಚಿ. ಒಂದು ತುದಿಯಿಂದ ಇನ್ನೊಂದಕ್ಕೆ ದಾರ ಎಳೆದು ನಡುಗೆರೆ ನೇರವಿದೆಯೇ ಎಂದು ಅಂಟು ಹಸಿಯಿರುವಾಗಲೇ ನೋಡಿ. ಒಂದು ದಿನ ಬಿಟ್ಟು, ಜೋಡಣೆಯ ಹೊಟ್ಟೆಗೆ 8 ಇಂಚಿನ ಮರದ ಪಟ್ಟಿಯೊಂದನ್ನು ಅಂಟಿಸಿ, ಹಿಡಿಯ ಒಟ್ಟು ಆಳ 1¾ ಇಂಚಿಗೆ ತನ್ನಿ. ಈ ಜೋಡಣೆ ಬಾಗಲೇಬಾರದು. ಹಿಡಿಯಿಂದ ತೋಳಿಗೆ ಇಳಿಜಾರು 2 ಇಂಚಿನುದ್ದಕ್ಕೂ ನಿಧಾನವಾಗಿ ಇಳಿಯಲಿ. ಗಕ್ಕನೆ ಇಳಿದರೆ ಪಟ್ಟಿಯ ಅಂಚು ಪಟ್ ಎಂದು ಬಿಟ್ಟುಕೊಳ್ಳುತ್ತದೆ.

ದಿಂಡಿಗ ತಡಸಲಿಗಿಂತ ಭಾರದ ಮರ, 70 ಇಂಚಿಗೆ ತೋಳಿನ ಅಗಲ 1½ ಇಂಚು ಸಾಕು. ತುದಿಗಳನ್ನು ಮಾತ್ರ 10 ಮಿ.ಮೀ.ವರೆಗೆ ಸಣ್ಣ ಮಾಡಿ, ಇಲ್ಲದಿದ್ದರೆ ಬಾಣ ಹೋದ ಮೇಲೆ ಕೈ ಜುಮ್ಮೆನ್ನುತ್ತದೆ. ನಿಮ್ಮಂತೆ ಗಿಡ್ಡ ಹಲಗೆ ಇಟ್ಟುಕೊಂಡಿರುವ ಎಲ್ಲರಿಗೂ ನಮ್ಮ ಮೊದಲ ಪ್ರಶ್ನೆ ಇದೇ: ಅಗಲ ಎಷ್ಟಿದೆ?

ಪ್ರಶ್ನೆ: ಇಲ್ಲಿನ ಮರದಂಗಡಿಯಲ್ಲಿ 4 ಅಡಿಯ ಹಿಕರಿ ಹಲಗೆ ಸಿಕ್ಕಿತು. ಹನ್ನೊಂದು ವರ್ಷದ ಮಗನಿಗೆ ಬಿಲ್ಲು ಮಾಡಬೇಕು, ಅವನ ಸೆಳೆತ 20 ಇಂಚು. ಅಮೆರಿಕದ ಮೂಲನಿವಾಸಿಗಳ ಬಿಲ್ಲುಗಳು ಇದಕ್ಕಿಂತ ಗಿಡ್ಡವಿದ್ದವಲ್ಲ, ಹಾಗಾದರೆ ನಾನೂ ಇದರಲ್ಲೇ ದೊಡ್ಡವರ ಬಿಲ್ಲು ಮಾಡಬಹುದಲ್ಲವೇ?
— ಓದುಗರು, ಉತ್ತರ ಕ್ಯಾರೊಲಿನಾ, ಅಮೆರಿಕ

ಉತ್ತರ: ಮಗನದು ಸುಲಭ. 48 ಇಂಚಿನ, ಹಿಡಿಯೂ ಬಾಗುವ ಬಿಲ್ಲಿಗೆ 21 ಇಂಚು ಸೆಳೆತ ನೆಮ್ಮದಿ. ನಡುವೆ ಅಗಲ 1½ ಇಂಚು, ತುದಿಗೆ 10 ಮಿ.ಮೀ.; ದಪ್ಪ 11 ಮಿ.ಮೀ.ನಿಂದ ಶುರುಮಾಡಿ, 8ರ ಆಸುಪಾಸು 15–18 ಪೌಂಡಿಗೆ ಬರುತ್ತದೆ. ಮಕ್ಕಳು ಬೆಳೆಯುತ್ತಾರೆ, ಸೆಳೆತವೂ ಬೆಳೆಯುತ್ತದೆ ಎಂಬುದನ್ನು ನೆನಪಿಡಿ. 22 ದಾಟಿದ ದಿನ ಆ ಬಿಲ್ಲು ತಂಗಿಗೋ ತಮ್ಮನಿಗೋ ಹೋಗಬೇಕು.

ಹಿಕರಿಯ ಬೆನ್ನು ಎಳೆತಕ್ಕೆ ಬಹಳ ಗಟ್ಟಿ, ಹೊಟ್ಟೆ ಅಷ್ಟು ಗಟ್ಟಿಯಲ್ಲ. ಮುರಿಯುವುದು ಅಪರೂಪ, ಬಾಗಿ ಉಳಿಯುವುದು ಸಾಮಾನ್ಯ. ಗಾಳಿಯ ತೇವವನ್ನು ಬೇಗ ಹೀರುತ್ತದೆ, ನಿಮ್ಮೂರಿನ ಬೇಸಿಗೆ ತೇವದ್ದು. ಆದ್ದರಿಂದ ಟಿಲ್ಲರಿಂಗ್ ಮುಗಿಯುವ ಹಂತದಲ್ಲಿ ಹೊಟ್ಟೆಯನ್ನು ಹೀಟ್ ಗನ್‌ನಿಂದ ಹದ ಮಾಡಿ: 4–5 ಇಂಚು ದೂರದಿಂದ, ಒಂದೊಂದು ಜಾಗಕ್ಕೆ ಮೂರು ನಾಲ್ಕು ನಿಮಿಷ, ಹುರಿದ ಕಡಲೆಕಾಯಿ ಬಣ್ಣ ಬರುವವರೆಗೆ. ಕಪ್ಪಾದರೆ ಸುಟ್ಟಿತು ಎಂದು ಲೆಕ್ಕ. ಬೆನ್ನಿಗೆ ಶಾಖ ತಾಗಬಾರದು. ಆಮೇಲೆ ನಾಲ್ಕೈದು ದಿನ ಹಾಗೇ ಬಿಡಿ. ಅತಿಯಾಗಿ ಒಣಗಿದ ಮರವನ್ನು ಬಿಸಿಯಾರಿದ ಕೂಡಲೇ ಎಳೆದರೆ ಮುರಿಯುತ್ತದೆ. ಕೊನೆಗೆ ಅರಗಿನ ಪಾಲಿಶ್ ಐದಾರು ಪದರ.

ದೊಡ್ಡವರ ಬಿಲ್ಲಿನ ಮಾತಿಗೆ ಬಂದರೆ, ಅಮೆರಿಕದ ಗ್ರೇಟ್ ಪ್ಲೇನ್ಸ್ ಬಯಲಿನ ಮೂಲನಿವಾಸಿ ಕುದುರೆ ಸವಾರರ ಬಿಲ್ಲುಗಳು 40–50 ಇಂಚು ಇದ್ದದ್ದು ನಿಜ. ಆದರೆ ಅವರು ಎಳೆಯುತ್ತಿದ್ದದ್ದೂ ಕಡಿಮೆಯೇ, ಅನೇಕ ಬಿಲ್ಲುಗಳ ಬೆನ್ನಿಗೆ ಪ್ರಾಣಿಗಳ ಸ್ನಾಯುರಜ್ಜುವಿನ ನಾರು ಅಂಟಿಸಿರುತ್ತಿದ್ದರು. 1911ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಬಳಿ ಕಾಡಿನಿಂದ ಹೊರಬಂದ ಯಾಹಿ ಬುಡಕಟ್ಟಿನ ಇಶಿಯ ಬಿಲ್ಲನ್ನು ವೈದ್ಯ ಸ್ಯಾಕ್ಸ್‌ಟನ್ ಪೋಪ್ ಅಳೆದು ದಾಖಲಿಸಿದ್ದಾರೆ: 42 ಇಂಚು ಉದ್ದ, ಜೂನಿಪರ್ ಮರ, ತೋಳಿನ ಅಗಲ ಸುಮಾರು 2 ಇಂಚು, ದಪ್ಪ ಅರ್ಧ ಇಂಚು, ಬೆನ್ನಿಗೆ ನಾರು. ಅಗಲವನ್ನೂ ನಾರನ್ನೂ ಗಮನಿಸಿ. ಆ ನಾರು ಮರಕ್ಕಿಂತ ಎಷ್ಟೋ ಪಟ್ಟು ಹಿಗ್ಗಬಲ್ಲದು. ಬರೀ ಮರದ ಹಲಗೆಯಿಂದ ಅಂಥದ್ದನ್ನು ನಿರೀಕ್ಷಿಸಬೇಡಿ.

ಪ್ರಶ್ನೆ: ಮಂಚ ಮಾಡಿಸಿದಾಗ ಉಳಿದ ಬೀಟೆಯ 40 ಇಂಚಿನ ಪಟ್ಟಿ ಇದೆ, 2 ಇಂಚು ಅಗಲ. ಬಿಲ್ಲಾದೀತೇ?
— ಓದುಗರು, ಮೈಸೂರು

ಉತ್ತರ: ಬೇಡ. ಉದ್ದವೂ ಸಾಲದು, ಎರಡಾಗಿ ಕೊಯ್ದು ಸೇರಿಸಲು ಅಗಲವೂ ಸಾಲದು. ಬೀಟೆಯ ಎಳೆಗಳು ಒಂದರ ಮೇಲೊಂದು ಓರೆಯಾಗಿ ಹೆಣೆದುಕೊಂಡಿರುತ್ತವೆ. ಮಂಚಕ್ಕೆ ಅಂದ ಕೊಡುವ ಅದೇ ಗುಣ ಬಿಲ್ಲಿನ ಬೆನ್ನಿಗೆ ಶತ್ರು. ಹಿಡಿಯ ಮೇಲ್ಪಟ್ಟಿಗೆ, ತುದಿಯ ಕಚ್ಚುಗಳ ಮೇಲೆ 4 ಮಿ.ಮೀ. ಹೊದಿಕೆಗೆ ಬೀಟೆಯಷ್ಟು ಚೆಂದದ ಮರ ಇನ್ನೊಂದಿಲ್ಲ, ಚಿಕ್ಕ ಚಿಕ್ಕ ತುಂಡು ಮಾಡಿ ಇಟ್ಟುಕೊಳ್ಳಿ. ಉಜ್ಜುವಾಗ ಮೂಗಿಗೆ ಮಾಸ್ಕ್ ಇರಲಿ, ಇದರ ಹುಡಿ ಕೆಲವರಿಗೆ ಚರ್ಮದ ತುರಿಕೆ ತರುತ್ತದೆ. ಹೊಸದಾಗಿ ಮರ ಕಡಿಯುವ ಯೋಚನೆ ಇದ್ದರೆ, ಅದು ನಿಮ್ಮದೇ ಜಮೀನಿನಲ್ಲಿದ್ದರೂ ಮೊದಲು ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಬೀಟೆಗೆ ಕಾನೂನಿನ ಕಟ್ಟು ಬಿಗಿ.

ಪ್ರಶ್ನೆ: 54 ಇಂಚಿನ ಬಿಲ್ಲು ಮಾಡಿದೆ. ಕೆಲವು ಬಾಣ ಬಿಟ್ಟ ಮೇಲೆ ಮೇಲಿನ ತೋಳಿನ ಹೊಟ್ಟೆಯಲ್ಲಿ, ಹಿಡಿಯಿಂದ ಒಂದು ಗೇಣು ದೂರದಲ್ಲಿ, ಅಡ್ಡಕ್ಕೆ ಕೂದಲಿನಂಥ ಗೆರೆಗಳು ಕಂಡಿವೆ. ಹೆದೆ ಇಳಿಸಿದರೂ ಬಿಲ್ಲು 2½ ಇಂಚು ಬಾಗಿಯೇ ಇರುತ್ತದೆ. ಬಿರುಕಿಗೆ ಅಂಟು ತುಂಬಿದರೆ ಸರಿಹೋದೀತೇ?
— ಓದುಗರು, ತೀರ್ಥಹಳ್ಳಿ

ಉತ್ತರ: ಅಂಟಿನಿಂದ ಏನೂ ಆಗದು. ಅದು ಬಿರುಕಲ್ಲ, ಕುಗ್ಗುವ ಒತ್ತಡ ತಾಳಲಾರದೆ ಎಳೆಗಳು ಒಳಗೇ ಮಡಚಿಕೊಂಡ ಗುರುತು. ಉಗುರು ಆಡಿಸಿ ನೋಡಿ, ಸಣ್ಣ ಏಣಿನಂತೆ ತಾಗುತ್ತದೆ. ಗೇಣು ದೂರದ ಆ ಜಾಗ ಅಕ್ಕಪಕ್ಕದವುಗಳಿಗಿಂತ ತೆಳ್ಳಗಿದೆ, ಬಾಗೆಲ್ಲ ಅಲ್ಲಿಗೇ ಬಂದು ಸೇರುತ್ತಿದೆ. ಕ್ಯಾಲಿಪರ್‌ನಲ್ಲಿ ಇಂಚಿಗೊಮ್ಮೆ ದಪ್ಪ ಅಳೆದು ಬರೆದುಕೊಳ್ಳಿ, ಎಲ್ಲಿ ಕುಸಿದಿದೆ ಎಂದು ತಾನಾಗಿ ಗೊತ್ತಾಗುತ್ತದೆ.

ಗೆರೆ ಒಂದೋ ಎರಡೋ ಇದ್ದರೆ, ಆ ಜಾಗ ಬಿಟ್ಟು ಉಳಿದ ತೋಳನ್ನೂ ಹಿಡಿಯನ್ನೂ ಕೆರೆದು ಬಾಗನ್ನು ಹಂಚಿರಿ. ಐದರಿಂದ ಹತ್ತು ಪೌಂಡ್ ಕಳೆದುಕೊಳ್ಳುತ್ತೀರಿ, ಬಿಲ್ಲು ಉಳಿಯುತ್ತದೆ. ಸೆಳೆತವನ್ನೂ 2 ಇಂಚು ಇಳಿಸಿ. ಗೆರೆಗಳು ಅಗಲದುದ್ದಕ್ಕೂ ಅಂಚಿನಿಂದ ಅಂಚಿಗೆ ಹಾದಿದ್ದರೆ ಮಾತ್ರ ಆ ತೋಳಿನ ಆಸೆ ಬಿಡಿ. 2½ ಇಂಚು ಬಾಗು ಉಳಿದಿರುವುದರ ಅರ್ಥ ಮರ ಹಸಿಯಿತ್ತು ಅಥವಾ ಸೆಳೆತ ಮೀರಿತ್ತು. 1½ ಇಂಚಿನವರೆಗೆ ಎಲ್ಲ ಮರದ ಬಿಲ್ಲಿಗೂ ಬರುವಂಥದ್ದೇ, ಚಿಂತೆ ಬೇಡ. ನಿಮ್ಮೂರಿನ ಮಳೆಗಾಲದಲ್ಲಿ ಮಾಡಿದ ಬಿಲ್ಲಾಗಿದ್ದರೆ ನಾವು ಹಸಿಯ ಕಡೆಗೇ ಬೆರಳು ತೋರಿಸುತ್ತೇವೆ. ಬೆನ್ನಿನಲ್ಲಿ ಎಳೆ ಎದ್ದಿದ್ದರೆ ಅದು ಬೇರೆ ಕಾಯಿಲೆ. ಕಡ್ಡಿಯಷ್ಟು ತೆಳುವಾಗಿ ಎದ್ದಿದ್ದರೆ ನೀರಿನಂತೆ ಹರಿಯುವ ಸೂಪರ್ ಗ್ಲೂ ಇಳಿಬಿಟ್ಟು, ಅದರ ಆಚೀಚೆ ಒಂದೊಂದು ಇಂಚು ಸೇರುವಂತೆ ಹತ್ತಿ ನೂಲನ್ನು ಒತ್ತಾಗಿ ಸುತ್ತಿ ಅಂಟು ಕುಡಿಸಿ.

ಪ್ರಶ್ನೆ: ಹೆದೆಗೆ ಏನು ಬಳಸಬೇಕು? ಇದರಿಂದ ತೋಟಕ್ಕೆ ಬರುವ ಕಾಡುಹಂದಿ ಹೊಡೆಯಬಹುದೇ?
— ಓದುಗರು, ಸಕಲೇಶಪುರ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ: ಇಲ್ಲ. ವನ್ಯಪ್ರಾಣಿಗಳ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಬೆಳೆಹಾನಿಗೆ ಅರಣ್ಯ ಇಲಾಖೆಗೇ ಅರ್ಜಿ ಕೊಡಬೇಕು. ಈ ಪುಟದ ಬಿಲ್ಲುಗಳೆಲ್ಲ ಗುರಿಹಲಗೆಗೆ.

ಹೆದೆಗೆ ಡೇಕ್ರಾನ್ (ಒಂದು ಬಗೆಯ ಪಾಲಿಯೆಸ್ಟರ್) ಬಿ-50 ಅಥವಾ ಬಿ-55 ನೂಲು: 35 ಪೌಂಡಿನವರೆಗೆ 10 ಎಳೆ, 45ರವರೆಗೆ 12 ಎಳೆ. ಹಿಗ್ಗದ ಹೊಸ ಬಗೆಯ ನೂಲುಗಳು ವೇಗ ಕೊಡುತ್ತವೆ, ಆದರೆ ಪೆಟ್ಟನ್ನೆಲ್ಲ ಕಚ್ಚಿನ ಮೇಲೆ ಹಾಕಿ ಮರದ ತುದಿಯನ್ನು ಸೀಳುತ್ತವೆ. ನೈಲಾನ್ ಹಗ್ಗ ಟಿಲ್ಲರಿಂಗಿಗೂ ಬೇಡ, ಅದು ಹಿಗ್ಗುತ್ತಲೇ ಹೋಗಿ ನಿಮ್ಮ ಅಳತೆಗಳನ್ನು ತಪ್ಪಿಸುತ್ತದೆ. ಹೆದೆಯ ಉದ್ದ ಕಚ್ಚುಗಳ ಅಂತರಕ್ಕಿಂತ 2½–3 ಇಂಚು ಕಡಿಮೆ ಇರಲಿ, ಹಿಡಿಗೂ ಹೆದೆಗೂ ಅಂತರ 5½ರಿಂದ 6 ಇಂಚು ಬರುವವರೆಗೆ ತಿರುಚಿ ಸರಿಮಾಡಿ. ಬಾಣವಿಲ್ಲದೆ ಬರೀ ಹೆದೆ ಎಳೆದು ಬಿಡಬೇಡಿ, ಆ ಶಕ್ತಿಯೆಲ್ಲ ತೋಳಿಗೇ ಮರಳುತ್ತದೆ. ಬಾಣ ಬಿಟ್ಟು ಮುಗಿದ ಕೂಡಲೇ ಹೆದೆ ಇಳಿಸಿ, ಬಿಲ್ಲನ್ನು ಗೋಡೆಗೆ ಒರಗಿಸದೆ ಎರಡು ಗೂಟದ ಮೇಲೆ ಅಡ್ಡಡ್ಡ ಇಡಿ.